ಯಾರದೋ ಗಾಡಿ

೧೯೯೯ ನವೆಂಬರ್ ೨೧, ಭಾನುವಾರ

ಇವರು ಇವತ್ತು ಒಂದು ಹಳೇ ಮೆಟಡೋರ್ ವ್ಯಾನು ತಂದು ಮನೆಯೆದುರು ನಿಲ್ಲಿಸಿದ್ದಾರೆ. ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ. ಅದಕ್ಕೇ ಈ ಪುಸ್ತಕ ತೆಗೆದೆ. ಇವರು ಯಲ್ಲಾಪುರ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ದಿನ, ಹಾರ ಹಾಕಿ ಈ ಡೈರಿಯನ್ನೂ ಕೈಗೆ ಕೊಟ್ಟು ಕಳಿಸಿದ್ದರು. ಒಂದು ಅಕ್ಷರ ಬರೆಯದೆ ಬಿದ್ದಿತ್ತು.

ವ್ಯಾನು ಮೊದಲು ಹುಬ್ಬಳ್ಳಿಯ ಯಾವುದೋ ಶಾಲೆಯ ಮಕ್ಕಳನ್ನು ಒಯ್ಯುತ್ತಿದ್ದದ್ದಂತೆ. ಹಿಂದುಗಡೆ ಬಣ್ಣ ಬಳಿದಿದ್ದರೂ 'ಮಕ್ಕಳಿದ್ದಾರೆ, ನಿಧಾನ' ಅನ್ನುವುದು ಕಾಣುತ್ತದೆ. ಐವತ್ತೊಂಬತ್ತು ದಾಟಿದವರ ಗಾಡಿಯ ಮೇಲೆ!

"ಹ್ಯಾಂಗಿದ್ದು?" ಅಂತ ಕೇಳಿದರು.

"ನಿಂಗಕ್ಕೆ ಎಂತಕೆ ಬೇಕಾಗಿತ್ತು ಇದು?" ಅಂದೆ.

"ಸಂಗೀತ ಕೇಳಲೆ ಹೋಪಲೆ. ಅಲ್ಲೇ ಮಲಗಲೆ. ಇನ್ನು ಬಸ್ಸು ತಪ್ಪೋಗ್ತು ಹೇಳಿ ಅರ್ಧಕ್ಕೆ ಏಳ ಕೆಲಸ ಇಲ್ಲೆ."

ಅದು ನಿಜ. ಶಿರಸಿಯಲ್ಲಿ ಕಛೇರಿ ಆದರೆ ಯಲ್ಲಾಪುರದ ಕಡೇ ಬಸ್ಸಿಗೆ ಎಂಟೂವರೆಗೇ ಏಳಬೇಕು. ಇವರು ಮದುವೆಯಾದಾಗಿನಿಂದ ಒಂದು ಕಛೇರಿಯನ್ನೂ ಕೊನೆಯವರೆಗೆ ಕೇಳಿದವರಲ್ಲ. ಕೊನೆಯ ಭೈರವಿ ಹಾಡಿ ಮುಗಿಸುವ ಹೊತ್ತಿಗೆ ಇವರ ಬಸ್ಸು ಅರ್ಧ ದಾರಿಯಲ್ಲಿರುತ್ತಿತ್ತು. ಆದರೆ ಅದಕ್ಕಾಗಿ ರಸ್ತೆ ಮೇಲೆ ಮಲಗುವುದೇ? ನಮಗೇನು ನೆಂಟರಿಲ್ಲವೇ?

ನವೆಂಬರ್ ೨೫

ಡಿಪೋದಲ್ಲಿ ಗುಜರಿಗೆ ಹಾಕಿದ ಬಸ್ಸಿನ ಸೀಟುಗಳನ್ನು ತಂದು ಒಳಗೆ ಎರಡು ಮಂಚ ಮಾಡಿದ್ದಾರೆ. ಸೀಮೆಎಣ್ಣೆ ಸ್ಟೋವಿಗೆ ಒಂದು ಪೆಟ್ಟಿಗೆ, ನೀರಿನ ಕೊಡ ಉರುಳದಂತೆ ಒಂದು ಕಬ್ಬಿಣದ ಬಳೆ. ಕಿಟಕಿಗೆ ಪರದೆ ಮಾಡಲು ನನ್ನ ಹಳೇ ಸೀರೆ ಕೇಳಿದರು. ಕೊಡಲಿಲ್ಲ. ಆ ನೀಲಿ ಸೀರೆ ಊರಿಗೆಲ್ಲ ಗೊತ್ತು. ಗಾಡಿ ಯಾರದ್ದೆಂದು ಬೋರ್ಡ್ ಬರೆಸಿದ ಹಾಗೇ ಆಗುತ್ತದೆ.

ಸಿದ್ದಾಪುರದಲ್ಲಿ ದೇವಕ್ಕನ ಮನೆಯಿದೆಯಲ್ಲ, ಅಲ್ಲಿ ಕಛೇರಿ ಇದ್ದಾಗ ಅಲ್ಲೇ ಉಳಿಯಬಹುದಲ್ಲ ಅಂದೆ. ದೇವಕ್ಕ ನನ್ನ ಸ್ವಂತ ಅಕ್ಕ. ಭಾವ ಅಲ್ಲಿನ ಸಂಗೀತ ಸಭೆಯ ಅಧ್ಯಕ್ಷರು. ಅಟ್ಟದ ಮೇಲೆ ಹತ್ತು ಜನ ಮಲಗುವಷ್ಟು ಜಾಗವಿರುವ ಮನೆ.

"ಬ್ಯಾಡ" ಅಂದರು. ಅಷ್ಟೇ. ಹಳೆಯದು ಯಾವುದೋ ಸಣ್ಣ ಮಾತು ಮನಸ್ಸಲ್ಲಿಟ್ಟುಕೊಂಡಿದ್ದಾರೆ. ಅದನ್ನು ನಾನು ಬರೆಯುವುದಿಲ್ಲ.

ಡಿಸೆಂಬರ್ ೫, ಭಾನುವಾರ

ನಿನ್ನೆ ಶಿರಸಿಗೆ ಹೋದೆವು. ಹೋಗಲಿಕ್ಕೆ ಮನಸ್ಸಿರಲಿಲ್ಲ, ಇವರನ್ನು ಒಬ್ಬರೇ ಬಿಟ್ಟರೆ ಅದಕ್ಕೂ ಜನ ಮಾತಾಡುತ್ತಾರೆ. ಸಭಾಭವನದ ಹಿಂದಿನ ಬಯಲಲ್ಲಿ ಗಾಡಿ ನಿಲ್ಲಿಸಿದರು. ಜನ ಎಲ್ಲ ಒಳಗೆ ಹೋಗುವ ತನಕ ನಾನು ಗಾಡಿಯಿಂದ ಇಳಿಯಲಿಲ್ಲ.

ಹಾಡಿದವರು ಧಾರವಾಡ ಕಡೆಯ ವಯಸ್ಸಾದ ಗಾಯಕರು. ಹನ್ನೊಂದಾದರೂ ಮುಗಿಯಲಿಲ್ಲ. ಕೊನೆಗೆ ಭೈರವಿ ಹಾಡಿದರು. ಗಂಡಸರ ಕಡೆ ನೋಡಿದೆ. ಇವರು ಕಣ್ಣು ಮುಚ್ಚಿ ಕೂತಿದ್ದರು. ಚಪ್ಪಾಳೆ ಎಲ್ಲ ಮುಗಿದು ಜನ ಎದ್ದರೂ ಇವರು ಏಳಲಿಲ್ಲ. ಜಮಖಾನೆ ಸುತ್ತುವವರು ಬಂದು ಎಬ್ಬಿಸಬೇಕಾಯಿತು. ನನಗೆ ಅದೂ ಒಂದು ಮರ್ಯಾದೆಗೇಡು ಅನ್ನಿಸಿತು.

ಗಾಡಿಗೆ ಬಂದು ಮಲಗಿದೆವು. ನಾನು ಬಹಳ ಹೊತ್ತು ಎದ್ದೇ ಇದ್ದೆ. ಹೊರಗೆ ಯಾರೋ ನಡೆದು ಹೋದರೆ ನಮ್ಮನ್ನೇ ಇಣುಕುತ್ತಾರೆ ಅನ್ನಿಸುತ್ತಿತ್ತು. ಬೆಳಿಗ್ಗೆ ಹೊರಗೆ ಹೋಗುವುದು ಎಲ್ಲಿಗೆ ಅಂತ ರಾತ್ರಿಯಿಡೀ ಅದೇ ಯೋಚನೆ. ಆದರೆ ಇವರು ಮೊದಲೇ ಭವನದ ಕಾವಲುಗಾರನ ಹತ್ತಿರ ಹೇಳಿ ಹೆಂಗಸರ ಕಡೆಯ ಕೀಲಿ ಇಸಿದುಕೊಂಡಿದ್ದರು. ಒಂದು ಬಾಲ್ದಿ ಬಿಸಿನೀರೂ ಕಾಯಿಸಿ ಇಟ್ಟಿದ್ದರು. ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ.

ಸೆರಗು ಮುಖಕ್ಕೆ ಎಳೆದುಕೊಂಡೇ ಹೋಗಿ ಬಂದೆ.

ಡಿಸೆಂಬರ್ ೧೯

ಎದುರುಮನೆಯವರು "ಏನಕ್ಕಾ, ಮನೆ ಇದ್ದೂ ಗಾಡೀಲಿ ಮಲಗ್ತೀರಂತೆ?" ಅಂದು ನಕ್ಕರು. ಶಿರಸಿಯಲ್ಲಿ ಯಾರೋ ನೋಡಿದ್ದಾರೆ. "ಗಾಡಿ ಕೆಟ್ಟಿತ್ತು, ಹಾಗಾಗಿ" ಅಂದೆ. ಮೂವತ್ತೊಂದು ವರ್ಷ ಬಸ್ಸು ರಿಪೇರಿ ಮಾಡಿದವರ ಗಾಡಿ ಕೆಟ್ಟಿತ್ತು!

೨೦೦೦ ಜನವರಿ ೯, ಭಾನುವಾರ

ನಿನ್ನೆ ಸಿದ್ದಾಪುರದಲ್ಲಿ ಕಛೇರಿ. ಆದದ್ದನ್ನು ಆದಹಾಗೆ ಬರೆಯುತ್ತೇನೆ.

ಗಾಡಿಯನ್ನು ಭವನದ ಆವರಣದಲ್ಲಿ, ಮರದ ಕೆಳಗೆ ನಿಲ್ಲಿಸಿದ್ದರು. ನಾನು ಇಳಿದವಳೇ ಒಳಗೆ ಹೋಗಿ ಹೆಂಗಸರ ನಡುವೆ ಕೂತೆ. ದೇವಕ್ಕ ಆಮೇಲೆ ಬಂದು ಪಕ್ಕದಲ್ಲಿ ಕೂತಳು. ರೇಷ್ಮೆ ಸೀರೆ, ಮುತ್ತಿನ ಸರ. ನನ್ನನ್ನು ಕಂಡು ಖುಷಿಪಟ್ಟಳು. ಕಛೇರಿ ಮುಗಿದಾಗ ಹನ್ನೊಂದರ ಹತ್ತಿರ. ಇಬ್ಬನಿ ಬಿದ್ದು ಚಳಿಯಾಗಿತ್ತು. ಹೊರಗೆ ಮೆಟ್ಟಿಲ ಮೇಲೆ ಭಾವ, ಹಾಡಿದವರ ಜೊತೆ ಬಂದಿದ್ದ ನಾಲ್ಕೈದು ದೊಡ್ಡ ಮನುಷ್ಯರು, ದೇವಕ್ಕ, ನಾನು.

ಅವರಲ್ಲೊಬ್ಬರು ಮರದ ಕಡೆ ನೋಡಿ, "ಯಾರ್ದ್ರೀ ಅದು ಗಾಡಿ? ಕಿಟಕೀಗೆ ಗೋಣಿಚೀಲ ಕಟ್ಟ್ಯಾರ. ಸರ್ಕಸ್ಸಿನವರದೇನು?" ಅಂದರು. ಅವರ ಜೊತೆಯವರು ನಕ್ಕರು.

ನನ್ನನ್ನು ಯಾರೂ ಕೇಳಿರಲಿಲ್ಲ. ನಾನೇ ಹೇಳಿದೆ: "ಯಾರದೋ. ಹಾವಿನ ಔಷಧಿ ಮಾರುವವರದ್ದು ಇರಬೇಕು."

ಇನ್ನೂ ಜೋರಾಗಿ ನಕ್ಕರು. ನಾನೂ ನಕ್ಕೆ. ಆಮೇಲೆ ದೇವಕ್ಕನಿಗೆ, "ಇವಕ್ಕೆ ಮೈ ಹುಷಾರಿಲ್ಲೆ, ಆನು ಒಬ್ಬಳೇ ಬಸ್ಸಿಗೆ ಬಂದದ್ದು" ಅಂದೆ. ಅದನ್ನೂ ಯಾರೂ ಕೇಳಿರಲಿಲ್ಲ.

"ಹಂಗಾರೆ ನಮ್ಮನೆಗೆ ಬಾ" ಅಂದಳು. ಜೀಪಿನಲ್ಲಿ ಕೂತೆ.

ಜೀಪು ತಿರುಗಿಸುವಾಗ ಮೆಟ್ಟಿಲ ಪಕ್ಕದ ಕಂಬದ ಹತ್ತಿರ ಒಬ್ಬರು ನಿಂತಿದ್ದರು. ಕೈಯಲ್ಲಿ ಶಾಲು ಇದ್ದ ಹಾಗಿತ್ತು. ನಾವು ನೋಡುವಷ್ಟರಲ್ಲಿ ಆಚೆ ತಿರುಗಿ ನಡೆದರು. ಬೆಳಕು ಕಡಿಮೆ ಇತ್ತು. ಯಾರು ಬೇಕಾದರೂ ಆಗಿರಬಹುದು.

ಜನವರಿ ೧೦

ನಿನ್ನೆ ಬೆಳಿಗ್ಗೆಯದ್ದು ಬರೆಯಲಿಲ್ಲ. ಆರು ಗಂಟೆಗೇ ದೇವಕ್ಕನ ಮನೆಯಿಂದ ಬಸ್ಸಿಗೆ ಅಂತ ಹೊರಟು ಭವನಕ್ಕೆ ನಡೆದು ಬಂದೆ. ಗಾಡಿ ಅಲ್ಲೇ ಇತ್ತು. ಇವರು ಬಾಗಿಲಲ್ಲಿ ಕೂತು ಸ್ಟೋವ್ ಪಂಪ್ ಮಾಡುತ್ತಿದ್ದರು.

"ದೇವಕ್ಕ ಬಿಡಲೇ ಇಲ್ಲೆ" ಅಂದೆ.

"ಅಕ್ಕು, ಅಡ್ಡಿಲ್ಲೆ. ಚಾ ಇದ್ದು, ಕುಡಿ" ಅಂದರು.

ನನ್ನ ಶಾಲು ನನ್ನ ಮಂಚದ ಮೇಲೆ ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು. ಹೊರಡುವಾಗ ನಾನು ಅದನ್ನು ಎಲ್ಲಿ ಇಟ್ಟಿದ್ದೆ ಅಂತ ನೆನಪು ಮಾಡಿಕೊಳ್ಳಲು ನೋಡುತ್ತಿದ್ದೇನೆ. ಮಂಚದ ಮೇಲೇ ಇಟ್ಟಿದ್ದಿರಬಹುದು. ಕೇಳಿಸಿದ್ದರೆ ಏನಾದರೂ ಅನ್ನುತ್ತಿದ್ದರು. ಕೇಳಿಸಿಲ್ಲ.

ಜನವರಿ ೧೫

ಸಂಕ್ರಾಂತಿ. ಎಳ್ಳು ಬೆಲ್ಲ ಹಂಚಿದೆ. ಇವರು ಮಾತು ಆಡುತ್ತಾರೆ. ಕೇಳಿದ್ದಕ್ಕೆ ಉತ್ತರ, ಅಷ್ಟು.

ಜನವರಿ ೧೮

ರೇಡಿಯೋ ಹಾಕಿದ್ದರು. ನಾನು ಒಳಗೆ ಬಂದದ್ದು ಕಂಡು ಸಣ್ಣ ಮಾಡಿದರು. ಜೋರಿರಲಿ ಅಂದೆ. ಬೇಡ ಅಂದರು.

ಜನವರಿ ೨೩, ಭಾನುವಾರ

ನಿನ್ನೆ ಶಿರಸಿಯಲ್ಲಿ ಕಛೇರಿ ಇತ್ತು. ಹೋಗಲಿಲ್ಲ. ನಾನಾಗಿ, "ಹೋಪನ?" ಅಂತ ಕೇಳಿದೆ. ಕ್ಲಚ್ ಸರಿಯಿಲ್ಲ ಅಂದರು. ಇಡೀ ದಿನ ಗಾಡಿಯ ಹತ್ತಿರವೂ ಹೋಗಲಿಲ್ಲ.

ಜನವರಿ ೨೬

ಇವರಿಗೆ ಕೇಳಿಸಿದೆ.

ಇವತ್ತು ಮಧ್ಯಾಹ್ನ ವೀರಪ್ಪ ಬಂದಿದ್ದ. ಮುಂಡಗೋಡ ಕಡೆಯವನು, ಯಲ್ಲಾಪುರ ಪೇಟೆಯಲ್ಲಿ ಈರುಳ್ಳಿ ವ್ಯಾಪಾರ ಮಾಡುತ್ತಾನೆ. ನಾನು ಅಡುಗೆಮನೆಯಲ್ಲಿದ್ದೆ. ಅವರಿಬ್ಬರೂ ಜಗಲಿಯಲ್ಲಿ.

"ಗಾಡಿ ಸುಮ್ನ ನಿಂತೈತಲ್ರೀ, ಏನ್ ಮಾಡ್ತೀರಿ ಅದನ್ನ?" ಅಂದ ವೀರಪ್ಪ.

"ಹಾವಿನ ಔಷಧಿ ಮಾರೂಕೆ ಛಲೋ ಇದೆ. ಬೇಕಾದ್ರೆ ಹೇಳು, ಕೊಡ್ತೇನೆ" ಅಂದರು ಇವರು.

"ಅಯ್ಯ, ನಾ ಉಳ್ಳಾಗಡ್ಡಿ ಮಾರಾಂವ್ರೀ. ಹಾವಿನ ಔಷಧಿ ನನಗ್ಯಾಕ?"

ಇಬ್ಬರೂ ನಕ್ಕರು. ಇವರ ನಗುವಿನಲ್ಲಿ ಸಿಟ್ಟಿರಲಿಲ್ಲ. ಬೇರೆ ಯಾರೋ ಹೇಳಿದ ತಮಾಷೆಯನ್ನು ಮತ್ತೆ ಹೇಳಿದ ಹಾಗೆ ಹೇಳಿದರು. ನಾನು ಒಲೆಯ ಮುಂದೆ ನಿಂತೇ ಇದ್ದೆ. ಹಾಲು ಉಕ್ಕಿ ಹೋಯಿತು.

ಅವರಿಬ್ಬರಿಗೆ ಚಾ ಕೊಂಡುಹೋಗಬೇಕಿತ್ತು. ಹೋಗಲು ಆಗಲಿಲ್ಲ. ಇವರೇ ಒಳಗೆ ಬಂದು ಲೋಟ ಎತ್ತಿಕೊಂಡು ಹೋದರು.

ಜನವರಿ ೨೭

ನವೆಂಬರಿನಲ್ಲಿ ಬರೆಯುವುದಿಲ್ಲ ಅಂದಿದ್ದೆನಲ್ಲ, ಆ ಸಣ್ಣ ಮಾತು. ಅದು ಸಣ್ಣದಲ್ಲ.

ಹನ್ನೊಂದು ವರ್ಷದ ಹಿಂದೆ ದೇವಕ್ಕನ ಮಗನ ಉಪನಯನ. ಇವರು ಡಿಪೋದ ಪಾಳಿ ಮುಗಿಸಿ ಕಡೇ ಬಸ್ಸಿಗೆ ಬಂದಿದ್ದರು. ಬಾವಿಕಟ್ಟೆಯಲ್ಲಿ ಸೋಪು ಹಚ್ಚಿ ಹಚ್ಚಿ ಎರಡು ಸಲ ಸ್ನಾನ ಮಾಡಿದ್ದರು. ಎಲ್ಲರಿಗೂ ಹಾಸಿಗೆ ಹಾಸುವಾಗ ಭಾವ ಅಂದರು: "ನಾಗಪತಿಗೆ ಹಳೇ ಹಾಸಿಗೆ ಹಾಕಿ. ಗ್ರೀಸ್ ಹತ್ತಿದ್ರೆ ಹೋಗ್ತಿಲ್ಲೆ." ಅಟ್ಟದ ತುಂಬ ನೆಂಟರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಇವರ ಕಡೆಯವಳು ಅಂತ ಯಾರೂ ನನ್ನನ್ನು ನೋಡಬಾರದು ಅಂತ ಎಲ್ಲರಿಗಿಂತ ಹೆಚ್ಚು ನಕ್ಕೆ.

ಬೆಳಿಗ್ಗೆ ನೋಡಿದರೆ ಇವರು ಆ ಹಳೇ ಹಾಸಿಗೆಯ ಮೇಲೂ ತಮ್ಮ ಪಂಚೆ ಹಾಸಿ ಅದರ ಮೇಲೆ ಮಲಗಿದ್ದರು.

ಇಷ್ಟು ವರ್ಷ ನಾನು ಭಾವ ಅಂದದ್ದನ್ನಷ್ಟೇ ನೆನಪಿಟ್ಟುಕೊಂಡಿದ್ದೆ.

ಫೆಬ್ರುವರಿ ೨

ನೀಲಿ ಸೀರೆ ಕತ್ತರಿಸಿ ಪರದೆ ಹೊಲಿಯುತ್ತೇನೆ ಅಂದೆ.

"ಮಾರೋ ಗಾಡಿಗೆ ಪರದೆ ಎಂತಕೆ? ವೀರಪ್ಪಂಗೆ ಮಾತು ಕೊಟ್ಟಾತು. ಹನ್ನೊಂದನೇ ತಾರೀಕು ಶುಕ್ರವಾರ ಬಂದು ಒಯ್ತಾ."

ಸೀರೆ ಮತ್ತೆ ಪೆಟ್ಟಿಗೆಗೆ ಹಾಕಿದೆ.

ಫೆಬ್ರುವರಿ ೪

ನಿದ್ದೆ ಇಲ್ಲ. ಊಟ ಸೇರುವುದಿಲ್ಲ. ಇವರ ಎದುರು ಕೂತು ಹೇಳಿಬಿಡಬೇಕು ಅಂತ ಮೂರು ಸಲ ಬಾಯಿ ತೆಗೆದೆ. "ಮಜ್ಜಿಗೆ ಹಾಕ್ಲಾ?" ಅಂದೆ.

ಫೆಬ್ರುವರಿ ೭

ಇವರಿಗೆ ಹೇಳುವ ಮೊದಲು ಸಿದ್ದಾಪುರದಲ್ಲಿ ಹೇಳಬೇಕು. ಸುಳ್ಳು ಹೇಳಿದ್ದು ಅಲ್ಲಿ.

ಫೆಬ್ರುವರಿ ೯, ಬುಧವಾರ

ಬೆಳಗಿನ ಬಸ್ಸಿಗೆ ಶಿರಸಿಗೆ, ಅಲ್ಲಿಂದ ಸಿದ್ದಾಪುರಕ್ಕೆ. ಇವರಿಗೆ ದೇವಕ್ಕನನ್ನು ನೋಡಿಬರುತ್ತೇನೆ ಅಂದಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಭಾವನಿಗೆ ಎರಡು ಮಾತು ಬಿರುಸಾಗಿಯೇ ಹೇಳಬೇಕು, ಹಾಸಿಗೆಯ ವಿಷಯವನ್ನೂ ಎತ್ತಬೇಕು, ನಿಮ್ಮಂಥವರ ಎದುರು ಮರ್ಯಾದೆ ಉಳಿಸಿಕೊಳ್ಳಲು ಹೋಗಿಯೇ ನಾನು ಹೀಗಾದೆ ಅನ್ನಬೇಕು. ಹೀಗೆಲ್ಲ.

ಭಾವ ಜಗಲಿಯಲ್ಲಿ ಕೂತು ಎಲೆ ಅಡಿಕೆಯ ಕವಳ ಹಾಕುತ್ತಿದ್ದರು. ದೇವಕ್ಕ ಬೆಲ್ಲ ನೀರು ತಂದಿಟ್ಟಳು. ನೀರನ್ನೂ ಮುಟ್ಟದೆ ನಿಂತೇ ಹೇಳಿದೆ: "ಆವತ್ತು ಮರದ ಕೆಳಗಿದ್ದ ಗಾಡಿ ನಮ್ಮದು. ಇವೂ ಬಂದಿದ್ದ. ಹುಷಾರಿಲ್ಲೆ ಹೇಳಿದ್ದು ಸುಳ್ಳು."

ಭಾವ ಕವಳದ ತಟ್ಟೆ ಬದಿಗಿಟ್ಟು, "ಗೊತ್ತಿದ್ದಲೇ ತಂಗೀ" ಅಂದರು.

"ಎಂತ ಗೊತ್ತಿದ್ದು?"

"ಗಾಡಿ ಅಲ್ಲಿ ನಿಲ್ಲಸಲೆ ನಾಗಪತಿ ಕೇಳಿದ್ದೇ ನನ್ನ ಹತ್ರ. ಸಂಜೆ ಒಳಗೆ ಕರೆದು ಕೂರ್ಸಿ ಚಾ ಮಾಡಿ ಕೊಟ್ಟ. ಆ ನೀರಿನ ಕೊಡಕ್ಕೆ ಬಳೆ ಮಾಡಿದ್ನಲ, ಅದನ್ನ ನೋಡಿ ನಮ್ಮನೆ ಜೀಪಿಗೂ ಒಂದು ಮಾಡಿಕೊಡು ಹೇಳಿದ್ದು ಆನು."

ಜಗಲಿಯ ಅಂಚಿಗೆ ಕೂತೆ.

"ಮತ್ತೆ ಅವರು ಕೇಳ್ದಾಗ..." ಅಂದೆ.

"ನಮ್ಮ ನಾಗಪತಿಯದ್ದು ಹೇಳಿ ಹೇಳಲೆ ಬಾಯಿ ತೆಗೆಯದ್ರೊಳಗೆ ನೀನು ಹೇಳಿಬಿಟ್ಟೆ. ಎಲ್ಲರೆದುರು ನಿನ್ನ ಮಾತು ಸುಳ್ಳು ಮಾಡದು ಹ್ಯಾಂಗೆ? ಸುಮ್ಮನಾಗವೇ ಆತು."

ದೇವಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟು, "ಆವತ್ತು ಜೀಪಿನಲ್ಲಿ ನಿನ್ನ ಮುಖ ನೋಡಲೆ ಆಗ್ತಿರಲಿಲ್ಲೆ. ಅದಕ್ಕೇ ಕೇಳಿದ್ದಿಲ್ಲೆ" ಅಂದಳು.

ನಾನು ಯಾರ ಎದುರು ಸಣ್ಣವಳಾಗಬಾರದು ಅಂತ ಆ ಸುಳ್ಳು ಹೇಳಿದೆನೋ, ಅವರು ಅದೇ ಗಾಡಿಯಲ್ಲಿ ಕೂತು ಚಾ ಕುಡಿದು ಎದ್ದು ಬಂದಿದ್ದರು. ಬಿರುಸು ಮಾತುಗಳು ಒಂದೂ ಬರಲಿಲ್ಲ. ಯಾರಿಗೆ ಹೇಳುವುದು? ಹಾಸಿಗೆಯ ಮಾತು ಎತ್ತಲಿಲ್ಲ. ಅದು ಭಾವನಿಗೆ ನೆನಪೂ ಇರಲಿಕ್ಕಿಲ್ಲ. ನಕ್ಕದ್ದು ನನಗೆ ನೆನಪಿದೆ, ಸಾಕು.

ಊಟ ಮಾಡಿಯೇ ಹೋಗು ಅಂದರು. ಮಾಡಿದೆ. ರುಚಿ ಗೊತ್ತಾಗಲಿಲ್ಲ.

ಫೆಬ್ರುವರಿ ೧೦

ನಿನ್ನೆ ಮನೆಗೆ ಬಂದಾಗ ಕತ್ತಲಾಗಿತ್ತು. ಇವರು ಅನ್ನ ಮಾಡಿಟ್ಟಿದ್ದರು. ಚಪ್ಪಲಿ ಬಿಟ್ಟವಳೇ ಹೇಳಿದೆ.

"ಸಿದ್ದಾಪುರದಲ್ಲಿ ಹೇಳಿಕ್ಕೆ ಬಂದಾತು. ಆ ಗಾಡಿ ನಮ್ಮದು ಹೇಳಿ."

ಇವರು ಅನ್ನದ ಪಾತ್ರೆಯ ಮುಚ್ಚಳ ಸರಿಮಾಡುತ್ತಲೇ ಇದ್ದರು. "ಅವಕ್ಕೆ ಗೊತ್ತಿತ್ತಲೇ."

"ಅವಕ್ಕೆ ಗೊತ್ತಿತ್ತು ಹೇಳಿ ನಿಂಗಕ್ಕೆ ಗೊತ್ತಿತ್ತಾ?"

"ಮತ್ತೆ? ಚಾ ಮಾಡಿ ಕೊಟ್ಟವ ಆನೇ."

"ಹಂಗಾರೆ ಮುಂದೆ ಬಂದು ಎಂತಕೆ ಹೇಳಿದ್ರಿಲ್ಲೆ? ಅಲ್ಲೇ ನಾಲ್ಕು ಮಾತು ಬೈಯಲಾಗಿತ್ತಲ."

ಆಗ ನನ್ನ ಕಡೆ ತಿರುಗಿದರು. ಒಂದು ತಿಂಗಳ ಮೇಲೆ ಸರಿಯಾಗಿ ಮುಖ ನೋಡಿದ್ದು. "ಚಳಿ ಇತ್ತು ಹೇಳಿ ಶಾಲು ತಂದಿತ್ತು. ಆನು ಅದನ್ನ ಹಿಡ್ಕಂಡು ಬೆಳಕಿಗೆ ಬಂದಿದ್ರೆ ನಿನ್ನ ಮಾತು ಸುಳ್ಳಾಗ್ತಿತ್ತು, ಅಷ್ಟು ಜನರ ಎದುರಿಗೆ. ನಿಂಗೆ ಹ್ಯಾಂಗಾಗ್ತಿತ್ತು? ಅದಕ್ಕೇ ತಿರುಗಿ ಹೋದದ್ದು."

ಆಮೇಲೆ, "ಚಳಿಯಾತಾ ಆವತ್ತು?" ಅಂತ ಕೇಳಿದರು.

ನಾನು ಅಳಬಾರದು ಅಂದುಕೊಂಡಿದ್ದೆ. ಇವರು ಎದ್ದು ಹೋಗಿ ಹಿತ್ತಲ ಬಾಗಿಲು ಹಾಕಿಬಂದರು, ಪಕ್ಕದ ಮನೆಗೆ ಕೇಳಿಸಬಾರದು ಅಂತ.

ಗಾಡಿ ಮಾರುವುದು ಬೇಡ ಅಂದೆ. "ಮಾತು ಕೊಟ್ಟಾಯ್ದು. ಅವ ಅದರ ಮೇಲೆ ವ್ಯಾಪಾರ ಎಣಿಸಿಕೊಂಡಿದ್ದ" ಅಂದರು. ಅದು ಸರಿಯೇ. ಗಾಡಿ ಹೋಗುವುದು ನನ್ನಿಂದ. ಇದನ್ನು ಬೇರೆ ಯಾರ ಮೇಲೂ ಹಾಕುವಂತಿಲ್ಲ.

ಫೆಬ್ರುವರಿ ೧೧, ಶುಕ್ರವಾರ

ವೀರಪ್ಪ ಬಂದ. ಇವರು ಕೀಲಿ ತರಲು ಒಳಗೆ ಹೋದಾಗ ನಾನು ಅಂಗಳಕ್ಕೆ ಇಳಿದು, "ವೀರಪ್ಪಾ, ಎರಡು ದಿನ ಬಿಟ್ಟು ಭಾನುವಾರ ಬೆಳಿಗ್ಗೆ ಒಯ್ದರೆ ಆಗ್ತದಾ?" ಅಂದೆ.

"ಯಾಕ್ರೀ ಅವ್ವಾರ?"

"ನಾಳೆ ಇಲ್ಲೇ ಯಲ್ಲಾಪುರದಲ್ಲಿ ಗಾಯನ ಇದೆ, ಹೈಸ್ಕೂಲ್ ಬಯಲಲ್ಲಿ. ಮುಗಿದ ಮೇಲೆ ಗಾಡಿಯಲ್ಲಿ ಮಲಗಬೇಕು."

ಅವನು ಹೈಸ್ಕೂಲಿನ ದಿಕ್ಕಿಗೆ ನೋಡಿದ, ನಮ್ಮ ಮನೆ ನೋಡಿದ. ಹತ್ತು ನಿಮಿಷದ ದಾರಿ. "ಮನಿ ಇಲ್ಲೇ ಐತಲ್ರೀ?"

"ಹೌದು" ಅಂದೆ.

"ಆತು ತಗೋರಿ. ಐತ್ವಾರನ ಬರ್ತೀನಿ."

ಇವರು ಕೀಲಿ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಸಂಜೆ ಸ್ಟೋವಿನ ವಾಷರ್ ಬದಲಾಯಿಸಿದರು.

ಫೆಬ್ರುವರಿ ೧೩, ಭಾನುವಾರ

ನಿನ್ನೆಯ ಗಾಯನ ಅಷ್ಟೇನೂ ಚೆನ್ನಾಗಿರಲಿಲ್ಲ. ಹುಡುಗಿಯ ಗಂಟಲು ಕಟ್ಟಿತ್ತು, ತಬಲಾದವನು ಅವಳನ್ನು ಓಡಿಸುತ್ತಿದ್ದ. ಮಧ್ಯೆ ಒಮ್ಮೆ ಕರೆಂಟು ಹೋಯಿತು. ಆಗ ಮೈಕಿಲ್ಲದೆ ಹಾಡಿದ್ದು ಮಾತ್ರ ಚೆನ್ನಾಗಿತ್ತು. ಇವರೂ ಹಾಗೇ ಅಂದರು. ಗಾಡಿಯ ಬಾಗಿಲು ತೆರೆದಿಟ್ಟುಕೊಂಡು ಅದನ್ನೇ ಬಹಳ ಹೊತ್ತು ಮಾತಾಡಿದೆವು. ಮನೆಗೆ ಹೋಗುವವರು ಹತ್ತಿರವೇ ಹಾದುಹೋಗುತ್ತಿದ್ದರು. ಎದುರುಮನೆಯವರು "ಇದೇನಕ್ಕಾ, ಇಲ್ಲೂ?" ಅಂದರು. ಬನ್ನಿ ಅಂತ ಕರೆದು ಅವರಿಗೂ ಚಾ ಕೊಟ್ಟೆ. ಲೋಟ ಸಾಲದೆ ಒಬ್ಬರಾದ ಮೇಲೆ ಒಬ್ಬರು ಕುಡಿಯಬೇಕಾಯಿತು. ಎರಡು ಲೋಟ ಹೆಚ್ಚು ತರಬೇಕಿತ್ತು.

ಎಚ್ಚರವಾದಾಗ ಬಿಸಿಲು ಬಿದ್ದಿತ್ತು. ವೀರಪ್ಪ ಆಗಲೇ ಬಂದು ಮೋರಿಯ ಕಟ್ಟೆಯ ಮೇಲೆ ಕೂತಿದ್ದ. ಎಬ್ಬಿಸಿರಲಿಲ್ಲ. "ಮಲಕ್ಕೊಂಡಿದ್ರಿ, ಇರಲಿ ಅಂದೆ" ಅಂದ. ಇವರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕ್ಲಚ್ ಹೇಗೆ ಒತ್ತಬೇಕು, ಇಳಿಜಾರಲ್ಲಿ ಏನು ಮಾಡಬೇಕು ಎಲ್ಲ ಹೇಳಿದರು. ಬಸ್ಸಿನ ಸೀಟುಗಳೂ ಅವನಿಗೇ ಇರಲಿ ಅಂದರು. ಗಾಡಿ ಹೊರಟಾಗ ಇವರು ಕೈ ಎತ್ತಲಿಲ್ಲ, ಇಂಜಿನ್ನಿನ ಸದ್ದು ಕೇಳುತ್ತ ನಿಂತಿದ್ದರು. ಮೂರನೇ ಗೇರಿಗೆ ಬಿದ್ದ ಮೇಲೆ, "ಹ್ಞಾ, ಸರಿ ಇದ್ದು" ಅಂದರು.

ಕೆಳಗೆ ಎರಡು ಹಾಸಿಗೆ ಸುರುಳಿ, ಸ್ಟೋವು, ಕೊಡ, ಪಾತ್ರೆಗಳ ಚೀಲ. ಇವರು ಕೊಡ ಮತ್ತು ಸ್ಟೋವು ಎತ್ತಿಕೊಂಡರು. ನಾನು ಹಾಸಿಗೆಗಳನ್ನು ತಲೆಯ ಮೇಲಿಟ್ಟು ಚೀಲ ಕೈಗೆ ಹಿಡಿದೆ. ಪೇಟೆಯಲ್ಲಿ ಅಂಗಡಿಗಳೆಲ್ಲ ತೆರೆದಿದ್ದವು, ರಸ್ತೆ ತುಂಬ ಜನ.

ಇವರು ನಿಂತು, "ಹಿಂದಿನ ಓಣಿಯಾಗಿ ಹೋಪನ?" ಅಂದರು.

"ಎಂತಕೆ? ಅದು ಸುತ್ತಾಗ್ತು" ಅಂದೆ.